ತಲೆಮಾರು

ನಮ್ಮಲ್ಲಿ ಮುಂಡಗಳು ಸದಾ ಸಿದ್ಧ.
ಕವಚ ತೊಟ್ಟವು ಆರು, ನಿಲುವಂಗಿಯವು ನಾಲ್ಕು,
ಹಿತ್ತಿಲಲ್ಲಿ ಸಾಲಾಗಿ ನಿಂತಿವೆ,
ಕತ್ತಿನ ಜಾಗದಲ್ಲೊಂದು ಗುಳಿ.
ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತದೆ,
ಗುಬ್ಬಿ ಕುಡಿಯುತ್ತದೆ.

ರೋಮಿನಲ್ಲಿ ದೊರೆ ಬದಲಾದರೆ
ಇಲ್ಲಿ, ಫ್ರಿಜಿಯಾದ ಈ ಕಲ್ಲುಧೂಳಿನ ಊರಲ್ಲಿ,
ನಮ್ಮ ಒಲೆ ಉರಿಯುತ್ತದೆ.
ಮಾವ ಹೇಳುತ್ತಿದ್ದ:
ಮೈಗೆ ಮೂರು ತಿಂಗಳು, ತಲೆಗೆ ಹನ್ನೆರಡು ದಿನ.
ಅದಕ್ಕೇ ಅಮ್ಮಿಯಾ,
ಮೈ ಇಟ್ಟುಕೋ, ತಲೆ ಮಾರು.
ತಲೆ ಮಾರಿಯೇ ಉಂಡಿದ್ದೇವೆ ಮೂರು ತಲೆಮಾರು.

ಇಳಿಸಿದ ತಲೆಗಳೂ ದಂಡವಲ್ಲ.
ಒಬ್ಬ ಬಾಗಿಲಿಗೆ ಅಡ್ಡ ಕೂತಿದ್ದಾನೆ, ಗಾಳಿಗೆ ಬಡಿಯದಂತೆ.
ಒಬ್ಬನ ನೆತ್ತಿಯ ಮೇಲೆ ಉಳಿ ಮಸೆಯುತ್ತೇವೆ.
ಗಡ್ಡದವನು ಬಲು ಭಾರ,
ಉಪ್ಪುನೀರಲ್ಲಿ ಆಲಿವ್ ಕಾಯಿ ಮೇಲೇಳದ ಹಾಗೆ
ಜಾಡಿಯ ಹಲಗೆ ಮೇಲೆ ಎರಡು ಚಳಿಗಾಲ ಕೂತ.
ಲೋಕವನ್ನೂ ಇಷ್ಟು ಅಚ್ಚುಕಟ್ಟಾಗಿ ಆಳಿದ್ದರೆ!

ಟ್ರೋಫಿಮಸ್‌ನ ಕಣ್ಣು ಮಂಜಾಗಿ ನಾಲ್ಕು ವರ್ಷ.
ಗಂಡನ ಉಳಿ ನನ್ನ ಕೈಗೆ ಬಂದದ್ದು ಊರಿಗೆ ಗೊತ್ತು,
ಗೊತ್ತಿದ್ದೂ ಕೇಳುವುದಿಲ್ಲ,
ಕೆಲಸ ಹೊತ್ತಿಗೆ ಮುಗಿದರಾಯಿತು.

ಆ ವಸಂತದಲ್ಲಿ ಸಭೆಯ ಗುಮಾಸ್ತ ಬಂದು
ಅಂಗೈ ಬಿಚ್ಚಿದ. "ಈಗ ಇವನು. ಹಬ್ಬದೊಳಗೆ ಬೇಕು."
ನಾಣ್ಯದಲ್ಲಿ ದೊರೆಗೆ ಒಂದೇ ಕಣ್ಣು, ಒಂದೇ ಕೆನ್ನೆ,
ಒಂದೇ ಕಿವಿ. ತಿರುವಿದೆ: ಅಲ್ಲಿ ಹಡಗು.
ಇನ್ನರ್ಧ ಮುಖ ಎಲ್ಲಿ ಎಂದೆ.
"ಆಕಡೆಯೂ ಹೀಗೇ ಇರುತ್ತದಲ್ಲ," ಎಂದ.
ಮುಖ ನೋಡಿ ಮಣೆ ಹಾಕುವ ಜನಕ್ಕೆ
ಅರ್ಧ ಮುಖವೇ ಸಾಕು.

ಬಲಗಡೆ ನಾಣ್ಯದಂತೆಯೇ ಕೆತ್ತಿದೆ:
ಮೊಂಡು ಗದ್ದ, ಗೂಳಿ ಕತ್ತು.
ಎಡಕ್ಕೆ ಬಂದಾಗ ಉಳಿ ನಿಂತಿತು.
ಕಾಣದ್ದನ್ನು ಎಲ್ಲಿಂದ ತರಲಿ?
ಮೂರು ದಿನ ಬರೀ ಕಲ್ಲು ಒರೆಸಿದೆ.
ನಾಲ್ಕನೆಯ ದಿನ, ನಾನು ಕರೆಯದೆ,
ಜೋಟಿಕಸ್‌ನ ಕಿವಿ ಬಂತು.

ನಮ್ಮ ಜೋಟಿಕಸ್.
ಐದು ವರ್ಷದವನಿದ್ದಾಗ ಎಡಗಿವಿಯ ತುದಿಯನ್ನು
ಟಾಟಿಯಾ ಮುದುಕಿಯ ಹೆಬ್ಬಾತು ಕಚ್ಚಿ ಹರಿದಿತ್ತು.
ಹದಿನೆಂಟಕ್ಕೆ ಡಾನ್ಯೂಬ್ ನದಿಯ ದಂಡಿಗೆ ಹೋದ.
ಹೊರಟಾಗ ಚೌಕದಲ್ಲಿ ಇದ್ದದ್ದು ಗಡ್ಡದವನು.
ಸುದ್ದಿ ಬಂದಾಗ ಎರಡು ತಲೆ ಬದಲಾಗಿದ್ದವು.
ಯಾರಿಗಾಗಿ ಸತ್ತ ಎಂದು ಕೇಳಿದೆ,
ಸುದ್ದಿ ತಂದವನಿಗೂ ತಿಳಿಯದು.
ಸಂಬಳದ ಬಾಕಿ ಎಣಿಸಿ ಕೊಟ್ಟ.
ಅದರಲ್ಲೇ ಇದ್ದವು ಮೂರು ಥರದ ಮುಖ.

ಹಬ್ಬದ ದಿನ ಊರು ಆ ತಲೆಗೆ ಹೂ ಮುಡಿಸಿತು.
ಪೂಜಾರಿ ಬಲಗಡೆ ನಿಂತು ಹೊಗಳಿದ.
ನಾನು ಎಡಗಡೆ ನಿಂತೆ.
ಯಾರೂ ಗಮನಿಸಲಿಲ್ಲ,
ಟಾಟಿಯಾ ಮಾತ್ರ ಕಿವಿ ನೋಡಿದಳು, ನನ್ನ ನೋಡಿದಳು,
ಸೆರಗನ್ನು ಬಾಯಿಗೊತ್ತಿಕೊಂಡು ಹೊರಟುಹೋದಳು.

ಹದಿನಾಲ್ಕು ತಿಂಗಳು ಆಳಿದ.
ಆಮೇಲೆ ಅಪ್ಪಣೆ: ಹೆಸರು ಕೆರೆದುಹಾಕಿ, ಮುಖ ಒಡೆಯಿರಿ.
ಹುಡುಗರು ಸುತ್ತಿಗೆ ಹಿಡಿದು ಓಡಿದರು.
ಮೂಗು ಹೋಯಿತು, ಬಲಗೆನ್ನೆ ಹೋಯಿತು,
ಅಷ್ಟರಲ್ಲಿ ಯಾರೋ, ಸ್ನಾನದ ಮನೆಯ ಹತ್ತಿರ
ಬಿಟ್ಟಿ ವೈನು ಹಂಚುತ್ತಿದ್ದಾರೆ ಎಂದು ಕೂಗಿದರು.

ಸಂಜೆ ಗುಮಾಸ್ತ ಬಂದ, ಅಂಗೈಯಲ್ಲಿ ಹೊಸ ನಾಣ್ಯ.
ಹಳೆಯ ತಲೆ ಬೇಕಿದ್ದರೆ
ಕಲ್ಲಿನ ಬೆಲೆ ಮುರಿದುಕೊಳ್ಳುತ್ತೇನೆ ಎಂದ.
ಮುರಿದುಕೋ ಎಂದೆ.

ಈಗ ಅದು ಜಾಡಿಯ ಮೇಲಿದೆ.
ರಾತ್ರಿ ಟ್ರೋಫಿಮಸ್ ಗೋಡೆ ತಡವಿಕೊಂಡು ಹೋಗುತ್ತಾನೆ,
ಕಾಯಿ ಹದವಾಯಿತೇ ನೋಡಲು ಎಂಬ ನೆಪ.
ಹಲಗೆ ಎತ್ತಿದ ಸದ್ದು ಬರುವುದಿಲ್ಲ.
ಎಷ್ಟೋ ಹೊತ್ತು ಬರುವುದಿಲ್ಲ.
ನಾನು ನಿದ್ದೆಯವಳ ಹಾಗೆ
ಉಸಿರಾಡುತ್ತ ಮಲಗಿರುತ್ತೇನೆ.