ಹನ್ನೊಂದು ಝೆರಾಕ್ಸ್

ಗುಂಪು ಚಟುವಟಿಕೆ ಅಂತ ಡೈರಿಯಲ್ಲಿ ಬರೆದದ್ದು ಆಮೇಲೆ.
ಖರೇ ಹೇಳಬೇಕಂದ್ರ ನಲವತ್ನಾಲ್ಕು ಮಂದಿಗೆ
ಹನ್ನೊಂದೇ ಝೆರಾಕ್ಸು. ಪರ್ಸಿನಲ್ಲಿ ಅಷ್ಟೇ ಚಿಲ್ಲರೆ.
ಅತಿಥಿ ಉಪನ್ಯಾಸಕರ ಪಗಾರ
ಮೂರು ತಿಂಗಳಿಂದ ಇನ್ನೂ ದಾರಿ ಮ್ಯಾಲೇ ಅದ.

ಬೆಂಚಿಗೆಲ್ಲ ಬೋಲ್ಟು ಹೊಡೆದಾರ, ಎದುರುಬದುರು ಆಗೂದಿಲ್ಲ.
ಹಂಗಾಗಿ ವರಾಂಡಾಕ್ಕ ಬಂದ್ವಿ.
ಕಲಬುರಗಿಯ ಮಾರ್ಚು. ಹತ್ತೂವರೆಗೇ ಬಿಸಿಲು
ಮೂರು ಮೆಟ್ಟಿಲು ಏರಿ ಕೂತಿತ್ತು.
ಶಹಾಬಾದ ಫರಸಿ ಮಾತ್ರ ತಣ್ಣಗ.
ನಾಲ್ಕು ನಾಲ್ಕು ಮಂದಿ, ನಡುವ ಒಂದು ಹಾಳಿ,
ಹಾರದಂಗ ಮೂಲೆಗೆ ಯಾರದೋ ರೊಟ್ಟಿ ಡಬ್ಬಿ.

‘ಸ್ಪ್ರಿಂಗ್ ಕೇಮ್ ಲೇಟ್ ಟು ದ ವ್ಯಾಲಿ.’
ಮೊದಲ ಸಾಲಿಗೇ ಗಾಡಿ ನಿಂತಿತು.
ಸೈಕಲ್ ಸೀಟಿಂದು, ಅಂದ ಮಲ್ಕಣ್ಣ.
ಬಹಾರ್, ಅಂದಳು ನುಸ್ರತ್, ಗೋಣೆತ್ತದೆ.
ದಸ್ತಪ್ಪ ಚಿತ್ತಾಪುರ ಕಡೆಯ ಖಣಿಯವರ ಮಗ:
“ಫರಸಿ ಎತ್ತಿದ ಕೂಡ್ಲೇ ಬುಡದಾಗಿಂದ ಬುಳುಬುಳು ಬರ್ತದಲ್ಲ, ಅದು.
ಅಪ್ಪ ಪಂಪು ತರೂದ್ರಾಗ ಮೊಣಕಾಲ ಮಟ.”

ನಾನು ಬಾಯಿ ತೆರೆದೆ. ಮುಚ್ಚಿದೆ.
ಇಷ್ಟು ವರ್ಷದ ನೌಕರಿಯೊಳಗ ಕಲಿತದ್ದು ಇದೊಂದೇ,
ಅದೂ ಅರ್ಧ.

“ನೀರಾದ್ರ ಮುಂದ ಹಿಮ ಯಾಕ ಕರಗ್ತದ?”
ನುಸ್ರತಳ ಬೆರಳು ಮೂರನೇ ಸಾಲಿನ ಮೇಲೆ.
“ಕರಗಿದ ಹಿಮ ನೀರಲ್ಲೇನು?” ದಸ್ತಪ್ಪ ಬಿಡಲೊಲ್ಲ.
ಇಬ್ಬರೂ ಹಿಮ ಕಂಡವರಲ್ಲ.
ನಾನೂ. ಫ್ರಿಜ್ಜಿನ ಗೋಡೆಯದು ಬಿಟ್ಟರೆ.

ನಾಲ್ಕನೇ ಪ್ರಶ್ನೆ:
ಮುದುಕಿ ಕಿಟಕಿ ಯಾಕೆ ತೆರೆಯಲಿಲ್ಲ?
ಉತ್ತರ ನನ್ನ ಬಳಿ ಇತ್ತು, ಗೈಡಿನ ಕೊನೆಯ ಪುಟದಲ್ಲಿ: ಚಳಿ.

ಅಲ್ಲಿವರೆಗೆ ಬಳೆ ತಿರುವುತ್ತ ಕೂತಿದ್ದ ತಾಂಡಾದ ಹುಡುಗಿ,
ಅಂಕಿತಾ ಚವ್ಹಾಣ, ಹಾಳಿಯನ್ನು ತನ್ನ ಕಡೆ ತಿರುಗಿಸಿಕೊಂಡಳು.
“ಮ್ಯಾಡಂ, ಆಕಿ ತೆರದಾಳ.”
ಎಲ್ಲಿ ಬರದದ?
“ಬರದಿಲ್ಲ. ಕಡೀ ಸಾಲಿನಾಗ ಪರದೆ ಅಲ್ಲಾಡ್ತದ.
ಮುಚ್ಚಿದ ಕಿಟಕಿಗೆ ಗಾಳಿ ಎಲ್ಲಿಂದ?”

ಹತ್ತು ಗುಂಪು ತಮ್ಮ ಜಗಳ ಬಿಟ್ಟು
ಕಡೀ ಸಾಲಿಗೆ ಓಡಿದವು.
ಆರು ವರ್ಷದಿಂದ ಈ ಪಾಠ ಮಾಡ್ತೀನಿ.
ಆ ಪರದೆ ಒಮ್ಮೆಯೂ ನನ್ನ ಮುಖಕ್ಕೆ ಬಡಿದಿರಲಿಲ್ಲ.

ಗಂಟೆ ಹೊಡೆಯಿತು. ಎದ್ದು ಧೂಳು ಕೊಡವುತ್ತಿದ್ದವರಿಗೆ
ಹೇಳಲೇಬೇಕಿತ್ತು, ಹೇಳಿದೆ, ದನಿ ಇಳಿಸಿ:
ಪರೀಕ್ಷೆಯಲ್ಲಿ ಚಳಿ ಅಂತಲೇ ಬರೀರಿ.

ಅಂಕಿತಾ ಬರೆದುಕೊಂಡಳು.
ಹಾಳಿ ವಾಪಸು ಬಂದಾಗ ನೋಡಿದೆ:
ಬಲದಿಂದ ಹೊರಟ ನುಸ್ರತಳ ಉರ್ದು,
ಎಡದಿಂದ ದಸ್ತಪ್ಪನ ಕನ್ನಡ,
ಸ್ಪ್ರಿಂಗಿನ ಹತ್ತಿರ ಹೆಚ್ಚುಕಡಿಮೆ ಡಿಕ್ಕಿ.
ಕೆಳಗೆ, ಚಳಿ ಅನ್ನುವ ಶಬ್ದದ ಪಕ್ಕ,
ಪೆನ್ಸಿಲಿನ ಒಂದು ಸಣ್ಣ ಚೌಕ,
ಒಂದು ಕದ ಹೊರಗೆ.