ನೂರಿಪ್ಪತ್ತೆಂಟು

ಹಿರೇಹಳ್ಳಿಯ ಆ ಶೆಡ್ಡಿನಲ್ಲಿ, ಭಾನುವಾರ ಭಾನುವಾರ,
ನಾವಿಬ್ಬರೂ ಸದ್ದು ಕೊಯ್ಯುತ್ತಿದ್ದೆವು.
ಝಬಿಯ ಕೈಯಲ್ಲಿ ಗ್ರೈಂಡರು, ನನ್ನ ಮುಂದೆ ಎಣ್ಣೆ ಡ್ರಮ್ಮು,
ತಗಡಿಗೆ ಟೇಪು ಸುತ್ತಿ ಅಂಟಿಸಿದ ಎರಡು ಮೈಕು,
ಕಿಡಿ ಬಿದ್ದು ತೂತು ತೂತಾದ ಅವನ ಕಪ್ಪಂಗಿ.
ಲಯ ಅನ್ನೋದೇ ಸುಳ್ಳು ಎನ್ನುತ್ತಿದ್ದ,
ತಾಳ ಹಿಡಿದರೆ ಮಾಲೀಕನಿಗೆ ಸಲಾಮು ಹೊಡೆದಂತೆ.

ಕೇಳಲು ಬಂದವರು ಹನ್ನೊಂದು ಜನ.
ಆರು ಮಂದಿ ಕಿವಿ ಮುಚ್ಚಿಕೊಂಡು ಹೊರಬಿದ್ದರು,
ಅದನ್ನೇ ಗೆಲುವು ಎಂದುಕೊಂಡೆವು.
ಪ್ರೆಸ್ಸು ನಡೆಸುವ ಪುಟ್ಟಲಕ್ಷ್ಮಮ್ಮ ಮಾತ್ರ
ಟಿಫನ್ ಡಬ್ಬಿ ಸೊಂಟಕ್ಕೊತ್ತಿ ಬಾಗಿಲಲ್ಲೇ ನಿಂತು
‘ದಿನಾ ಎಂಟು ಗಂಟೆ ಕೇಳ್ತೀನಪ್ಪ, ಅವರು ಸಂಬಳ ಕೊಡ್ತಾರೆ.
ನೀವೇನು ಕೊಡ್ತೀರಿ?’ ಅಂದಳು.
ನಾನು ನಕ್ಕೆ.
ಝಬಿ ನಗಲಿಲ್ಲ.

ಆಮೇಲೆ ಬರುವುದು ಕಡಿಮೆ ಮಾಡಿದ.
ಒಮ್ಮೆ ಫೋನಿನಲ್ಲಿ, ‘ನೂರಿಪ್ಪತ್ತೆಂಟು’ ಎಂದ.
ಏನು, ರೂಪಾಯಾ?
‘ಏಟು. ನಿಮಿಷಕ್ಕೆ.’
ಫೋನಿಟ್ಟೆ.
ಡ್ರಮ್ಮಿಗೆ ಮಳೆನೀರು ತುಂಬಿತು, ಅದರಲ್ಲಿ ಸೊಳ್ಳೆಮರಿ.

ಮೊನ್ನೆ ಬಟವಾಡಿಯ ಕಲ್ಯಾಣ ಮಂಟಪದ ನೆಲಮಾಳಿಗೆ,
ಊಟದ ಟೇಬಲ್ಲುಗಳನ್ನು ಗೋಡೆಗೆ ಒರಗಿಸಿ ಜಾಗ ಮಾಡಿದ್ದಾರೆ,
ಮಧ್ಯಾಹ್ನದ ಸಾರಿನ ವಾಸನೆ ಇನ್ನೂ ಆರಿಲ್ಲ.
ಬೈಯಲೆಂದೇ ಹೋಗಿದ್ದೆ. ಮೂರು ಬೈಗುಳ ಮಸೆದಿಟ್ಟುಕೊಂಡಿದ್ದೆ.
ದುಂ ದುಂ ದುಂ ದುಂ,
ಮುಚ್ಚಿಹೋದ ನಮ್ಮೂರ ವಾಚ್ ಫ್ಯಾಕ್ಟರಿ
ಗೋರಿಯಿಂದೆದ್ದು ಕುಣಿಯುವಷ್ಟು ಕರಾರುವಾಕ್ಕು,
ಅಷ್ಟೇ ಪೆದ್ದು.

ಮೊದಲ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು,
ಆಗ ಕೇಳಿಸಿತು, ಪ್ರತಿ ದುಂ ಹಿಂದೆ ಬಾಲದ ಹಾಗೆ
ಒಂದು ಸಣ್ಣ ಕಿರ್ರು:
ಐವತ್ತು ಟನ್ನಿನ ಪ್ರೆಸ್ಸು ಮೇಲೇಳುವಾಗ
ಎಡಗಡೆಯ ಸ್ಪ್ರಿಂಗು ಅಳುತ್ತದಲ್ಲ, ಅದು.
ಎಣ್ಣೆ ಹಾಕಿಸಿ ಎಂದು ಮೂರು ವರ್ಷ ಗೋಗರೆದಿದ್ದಳು ಅವಳು.

ತಿರುಗಿದೆ. ಇದ್ದಳು.
ಚಪ್ಪಲಿ ಬಿಚ್ಚಿ ಕೈಚೀಲಕ್ಕೆ ಹಾಕಿ, ಸೆರಗು ಸಿಕ್ಕಿಸಿ,
ಪಿಯುಸಿ ಹುಡುಗರ ನಡುವೆ
ಬಲಗಾಲು ಒತ್ತುತ್ತಿದ್ದಳು, ಎತ್ತುತ್ತಿದ್ದಳು,
ಪೆಡಲ್ಲು ಒತ್ತುವ ಅದೇ ಕಾಲು.
ಕೆಳಗೆ ಪೆಡಲ್ಲಿಲ್ಲ. ಬೆರಳು ಎಣಿಸಿಕೊಳ್ಳಬೇಕಿಲ್ಲ.
ನಡುನಡುವೆ ಬೇಕೆಂದೇ ನಿಂತುಬಿಡುತ್ತಿದ್ದಳು,
ಸೊಂಟದ ಮೇಲೆ ಕೈಯಿಟ್ಟು,
ಅದೊಂದೇ ದುಡಿಯಲಿ ಎಂದು.

ಅತ್ತ ಕಡೆಯಿಂದ ಝಬಿ ಹುಬ್ಬೇರಿಸಿದ.
ನಾನು ತಲೆಯಾಡಿಸಲಿಲ್ಲ.
ಇನ್ನೂ ಒಪ್ಪಿಲ್ಲ ನಾನು, ಯಾರಾದರೂ ಕೇಳಿದರೆ ಹೇಳಿ.
ಈ ಭಾನುವಾರ ಡ್ರಮ್ಮಿನ ನೀರು ಚೆಲ್ಲಿದೆ, ಅಷ್ಟೇ.
ತಳ ತುಕ್ಕು ಹಿಡಿದು
ಸದ್ದು ಬೇರೆಯಾಗಿದೆ.