ಕಮಾನು

ನಾರ್ಥಾಂಪ್ಟನ್, 1916

ಬೋಗುಣಿಯ ನೀರಿನಲ್ಲಿ ಕಾಲದ್ದಿ
ಹಲಗೆಯ ಮೇಲೆ ನಿಲ್ಲು ಅಂದರು. ನಿಂತೆ.
ನನಗಿಂತ ಮುಂಚೆ ನಿಂತವನು ಸಿರಿಲ್ ಲೇಬ್ರಮ್, ಪಕ್ಕದ ಮನೆಯವನು.
ಅವನ ಹೆಜ್ಜೆ ಇನ್ನೂ ಆರಿರಲಿಲ್ಲ:
ಹಿಮ್ಮಡಿ, ಅಂಚಿಗೆ ನೀರಿನದೊಂದು ಸಣ್ಣ ದಾರಿ,
ಆಮೇಲೆ ಐದು ಬೆರಳು.
ನನ್ನದು ತಟ್ಟಿದ ರೊಟ್ಟಿ.

ಡಾಕ್ಟರು ನೋಡಿದ್ದು ಹಲಗೆಯನ್ನು, ನನ್ನ ಮುಖವನ್ನಲ್ಲ.
'ಕಮಾನೇ ಇಲ್ಲವಲ್ಲೋ ಟೆಬಟ್, ನಿನ್ನ ಪಾದಕ್ಕೆ.'
ಸೀಲು ಬಿತ್ತು. ಶಾಯಿ ಕೊಂಚ ಹರಡಿತು.
ಅಂಗಿ ತೊಡುವಾಗ ಗುಂಡಿ ತಪ್ಪಿತು,
ಸಂತೋಷಕ್ಕೋ ನಾಚಿಕೆಗೋ
ಇವತ್ತಿಗೂ ಹೇಳಲಾರೆ.

ಅಮ್ಮ ಕದ ಹಾಕಿದಳು, ಕೊಳಾಯಿ ತಿರುಗಿಸಿದಳು,
ನೀರಿನ ಸದ್ದಿನ ಮರೆಯಲ್ಲಿ ನಕ್ಕಳು.
ಗೋಡೆಯಾಚೆ ಲೇಬ್ರಮ್ ಮನೆಯಾಕೆ
ಮಗನಿಗೆ ಕಾಲುಚೀಲ ಹೆಣೆಯುತ್ತಿದ್ದಳಲ್ಲ.
ಈ ಕಾಲು ಓಡುವುದಿಲ್ಲವೆಂದು
ಚಿಕ್ಕಂದಿನಲ್ಲಿ ಹಂದಿಕೊಬ್ಬು ತಿಕ್ಕಿ ತಿಕ್ಕಿ ಅತ್ತವಳು
ಅವತ್ತು ರಾತ್ರಿ ನನ್ನ ಗಂಜಿಗೆ
ಎರಡು ಚಮಚ ಸಕ್ಕರೆ ಹಾಕಿದಳು.
ಸಕ್ಕರೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

ಯುದ್ಧಕ್ಕೆ ಬೇಡವಾದವನು ಬೂಟಿಗೆ ಬೇಕಾದೆ.
ಮರದ ಅಚ್ಚಿನ ಮೇಲೆ ತೊಗಲು ಎಳೆದು ಬಿಗಿಯುವ ಕೆಲಸ,
ದಿನಕ್ಕೆ ಅರವತ್ತು ಜೊತೆ.
ಅಚ್ಚಿನ ಒಳಮಗ್ಗುಲಿಗೆ ಹೆಬ್ಬೆರಳು ಹಿಡಿಸುವಷ್ಟು ತಗ್ಗು.
ತೊಗಲು ಅಲ್ಲಿ ಕೂರಲೇಬೇಕು,
ಇಲ್ಲವೆಂದರೆ ಮೇಸ್ತ್ರಿ ಜೊತೆಯನ್ನೇ ಬಿಸಾಡುತ್ತಾನೆ.
ನಾನು ಒಂದನ್ನೂ ಬಿಸಾಡಿಸಿಕೊಂಡವನಲ್ಲ.

ಒಮ್ಮೆ ಟ್ರಾಮಿನಲ್ಲಿ ಹೆಂಗಸೊಬ್ಬಳು
ಎದ್ದು ನನಗೆ ಜಾಗ ಬಿಟ್ಟಳು.
'ಕೂತುಕೋ ಪಾಪ, ದಣಿದಿರುತ್ತೀಯ'
ಎಲ್ಲರಿಗೂ ಕೇಳುವ ಹಾಗೆ.
ಕೂತೆ.
ನಿಂತೇ ಇರುವುದು ಇನ್ನೂ ಕಷ್ಟವಿತ್ತು.

ಚಳಿಗಾಲಕ್ಕೆ ಬೂಟುಗಳು ವಾಪಸು ಬರತೊಡಗಿದವು
ಗೋಣಿಯಲ್ಲಿ, ರಿಪೇರಿಗೆ.
ಫ್ರಾನ್ಸಿನ ಮಣ್ಣು ಬಿಳಿ. ಚಾಕುವಿನಲ್ಲಿ ಕೆರೆದರೆ
ಹಳೇ ಗೋಡೆಯ ಸುಣ್ಣದಂತೆ ಉದುರುತ್ತದೆ.
ಹೊಸ ಜೊತೆ ಸಿಕ್ಕವನದೋ, ಇನ್ನು ಬೇಡವಾದವನದೋ
ಕೇಳುವಂತಿಲ್ಲ, ಕೇಳಿದರೂ ಹೇಳುವವರಿಲ್ಲ.
ಒಂದರೊಳಗೆ ಕೈ ಹಾಕಿ ಅಟ್ಟೆ ಕಿತ್ತೆ.
ಬೆವರಿನ ಕಪ್ಪು ಗುರುತು:
ಹಿಮ್ಮಡಿ, ಅಂಚಿಗೊಂದು ಸಣ್ಣ ದಾರಿ, ಐದು ಬೆರಳು.
ನೆಟ್ಟಗಿನ ಕಾಲೆಲ್ಲ ಹೀಗೇ ಇರುತ್ತದೆ, ಅಂದುಕೊಂಡೆ.
ಎಲ್ಲರದೂ ಹೀಗೇ.
ಹೊಸ ಅಟ್ಟೆ ಹಾಕಿ ಮೊಳೆ ಹೊಡೆದೆ.
ಮುಂದಿನವನಿಗೆ ಆಯಿತು.

ಮಾರ್ಚಿನಲ್ಲಿ ಲೇಬ್ರಮ್ ಮನೆಯ ಪರದೆ
ನಾಲ್ಕು ದಿನ ಮೇಲೇಳಲಿಲ್ಲ.
ಐದನೆಯ ದಿನ ಆಕೆ ಹಿತ್ತಲಿನ ಬೇಲಿಯ ಮೇಲಿಂದ
ಒಂದು ಕಟ್ಟು ಚಾಚಿದಳು:
ಸಿರಿಲನ ಭಾನುವಾರದ ಕಂದು ಬೂಟು,
ಲಾಡಿ ಕೂಡ ಬಿಚ್ಚಿರಲಿಲ್ಲ.
'ನಿನ್ನ ಅಳತೆಯೇ ಅಲ್ಲವೇ? ಹಾಕಿ ನೋಡಪ್ಪ.'

ಅಲ್ಲೇ, ಕಲ್ಲಿದ್ದಲ ಗೂಡಿನ ಮೇಲೆ ಕೂತು ಹಾಕಿಕೊಂಡೆ.
ಪಾದದ ನಡುವೆ
ತೊಗಲು ಎದ್ದು ಒತ್ತುತ್ತಿತ್ತು, ಬೆರಳಿಟ್ಟು ತಡೆದ ಹಾಗೆ.
ನಾಲ್ಕು ಹೆಜ್ಜೆ ಹೋದೆ, ಬಂದೆ.
ಆಕೆ ಕಾಲನ್ನೇ ನೋಡುತ್ತಿದ್ದಳು.

ಸರಿಹೋಗುತ್ತದೆ, ಅಂದೆ.